25 ಬಾರಿ ಆಯ್ಕೆಯಾದ ಹ್ಯಾಂಕ್ ಆರನ್ ಅವರ ಹಾದಿಯಲ್ಲಿ ಆರು ದಿನ

ಜುಲೈ 10, 2025, ಗುರುವಾರ: ಶಿಕಾಗೋ

ನಾನು ಮಗನ ಮನೆಗೆ ಬಂದ ಮೊದಲ ವಾರದಲ್ಲೇ ಹನ್ನೊಂದು ವರ್ಷದ ಮೊಮ್ಮಗ ತನ್ನ ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲಿಟ್ಟು, ಅದರಲ್ಲಿ ಬರೆದುಕೊಂಡಿದ್ದ ಪಟ್ಟಿಯೊಂದನ್ನು ಓದಿಸಿದ್ದ. ಅಮೆರಿಕದ ಬೇಸ್‌ಬಾಲಿನಲ್ಲಿ ಆಯ್ದ ಆಟಗಾರರಷ್ಟೇ ಆಡುವ ಆಲ್-ಸ್ಟಾರ್ ಪಂದ್ಯಕ್ಕೆ ಅತಿ ಹೆಚ್ಚು ಬಾರಿ ಆಯ್ಕೆಯಾದವರ ಹೆಸರುಗಳು ಅದರಲ್ಲಿದ್ದವು. ಹ್ಯಾಂಕ್ ಆರನ್ 25, ವಿಲ್ಲಿ ಮೇಸ್ 24, ಸ್ಟಾನ್ ಮ್ಯೂಸಿಯಲ್ 24, ಮಿಕ್ಕಿ ಮ್ಯಾಂಟಲ್ 20, ಟೆಡ್ ವಿಲಿಯಮ್ಸ್ ಮತ್ತು ಕ್ಯಾಲ್ ರಿಪ್ಕೆನ್ ತಲಾ 19. “ಅಜ್ಜ, 25 ಸಲ ಅಂದ್ರೆ ಎಷ್ಟು ವರ್ಷ, ಹೇಳು ನೋಡೋಣ” ಎಂದ. ಈ ಪಂದ್ಯ ವರ್ಷಕ್ಕೊಮ್ಮೆ ನಡೆಯುತ್ತದೆ ಎಂದು ಹಿಂದಿನ ದಿನ ಅವನೇ ಹೇಳಿದ್ದರಿಂದ ನಾನು 25 ವರ್ಷ ಎಂದೆ. “ಅಲ್ಲ, 21!” ಎಂದು ಅವನು ಗೆದ್ದವನಂತೆ ನಕ್ಕ. 1959ರಿಂದ 1962ರವರೆಗೆ ನಾಲ್ಕು ವರ್ಷ ಮಾತ್ರ, ಆಟಗಾರರ ಪಿಂಚಣಿ ನಿಧಿಗೆ ಹಣ ಕೂಡಿಸುವ ಸಲುವಾಗಿ, ವರ್ಷಕ್ಕೆ ಎರಡೆರಡು ಆಲ್-ಸ್ಟಾರ್ ಪಂದ್ಯಗಳನ್ನು ಆಡಿಸಿದರಂತೆ. ಆರನ್ ಅವರು 1955ರಿಂದ 1975ರವರೆಗೆ ಒಂದು ವರ್ಷವೂ ತಪ್ಪದೆ 21 ವರ್ಷ ಆಯ್ಕೆಯಾದರು. ಆ ನಾಲ್ಕು ಹೆಚ್ಚುವರಿ ಪಂದ್ಯಗಳು ಸೇರಿ ಲೆಕ್ಕ 25 ಆಯಿತು. ಅಂಚೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಪಿಂಚಣಿ ಪಡೆಯುತ್ತಿರುವ ನನಗೆ ಈ ಲೆಕ್ಕ ಆ ಕೂಡಲೇ ಮನಸ್ಸಿಗೆ ಹತ್ತಿರವಾಯಿತು.

ಈ ವರ್ಷದ ಆಲ್-ಸ್ಟಾರ್ ಪಂದ್ಯ ಜುಲೈ 15ರಂದು ಅಟ್ಲಾಂಟದಲ್ಲಿ ನಡೆಯುವುದಿತ್ತು. ಅಲ್ಲಿಯೇ ಸೊಸೆಯ ಅಣ್ಣನ ಮನೆಯೂ ಇದೆ. ಹೇಗೂ ಕಾರಿನಲ್ಲೇ ಹೋಗುವುದಾದರೆ ಮೊಮ್ಮಗನ ಪಟ್ಟಿಯ ಮೊದಲ ಮೂರು ಹೆಸರುಗಳ ಊರುಗಳನ್ನು ಹಾಯ್ದು ಹೋಗೋಣವೆಂದು ಮಗ ಒಪ್ಪಿದ.

ಆರಂಭ ಶಿಕಾಗೋದಲ್ಲೇ ಆಗಬೇಕಿತ್ತು, ಏಕೆಂದರೆ ಮೊದಲ ಆಲ್-ಸ್ಟಾರ್ ಪಂದ್ಯ ನಡೆದದ್ದು ಈ ನಗರದ ಕಮಿಸ್ಕಿ ಪಾರ್ಕಿನಲ್ಲಿ, 1933ರ ಜುಲೈ 6ರಂದು. ಆ ಕ್ರೀಡಾಂಗಣ ಈಗಿಲ್ಲ. ಅದನ್ನು 1991ರಲ್ಲಿ ಕೆಡವಿದರು. ಪಕ್ಕದಲ್ಲೇ ಎದ್ದ ಹೊಸ ಕ್ರೀಡಾಂಗಣದ ಪಾರ್ಕಿಂಗ್ ಜಾಗವಾಗಿ ಅದು ಉಳಿದಿದೆ. ಡಾಂಬರಿನ ನಡುವೆ, ಹಿಂದೆ ಬ್ಯಾಟರ್ ನಿಲ್ಲುತ್ತಿದ್ದ ಹೋಮ್ ಪ್ಲೇಟ್ ಇದ್ದ ಸ್ಥಳದಲ್ಲಿ, ಐದು ಮೂಲೆಯ ಕಲ್ಲೊಂದನ್ನು ಹೂಳಿದ್ದಾರೆ. ಮೊಮ್ಮಗ ಅದರ ಪಕ್ಕದಲ್ಲಿ ಮೊಣಕಾಲು ಬಗ್ಗಿಸಿ ನಿಂತು, ಇಲ್ಲದ ಬ್ಯಾಟನ್ನು ಭುಜದ ಮೇಲೆತ್ತಿ, ದೂರದ ಲೈಟ್ ಕಂಬವನ್ನು ಚೆಂಡೆಸೆಯುವ ಪಿಚರ್ ಎಂದುಕೊಂಡು ಬಹಳ ಹೊತ್ತು ದಿಟ್ಟಿಸಿದ.

ಆರ್ಥಿಕ ಕುಸಿತದ ಆ ವರ್ಷ ಶಿಕಾಗೋ ನಗರವು ತನ್ನ ನೂರು ವರ್ಷಗಳ ನೆನಪಿಗೆ ವಿಶ್ವ ವಸ್ತುಪ್ರದರ್ಶನವನ್ನು ಏರ್ಪಡಿಸಿತ್ತು. ಅದರ ಜೊತೆಗೊಂದು ದೊಡ್ಡ ಕ್ರೀಡಾ ಕಾರ್ಯಕ್ರಮವಿರಲಿ ಎಂಬ ಬೇಡಿಕೆ ಬಂದಾಗ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್, ಮೇಜರ್ ಲೀಗ್ ಎಂಬ ಉನ್ನತ ಮಟ್ಟದ ಬೇಸ್‌ಬಾಲಿನ ಎರಡು ಭಾಗಗಳು, ಅಂದರೆ ಅಮೆರಿಕನ್ ಲೀಗಿನ ಆಯ್ದ ಆಟಗಾರರೂ ನ್ಯಾಷನಲ್ ಲೀಗಿನ ಆಯ್ದ ಆಟಗಾರರೂ ಒಂದು ದಿನ ಎದುರುಬದುರಾಗಲಿ, ಆಯ್ಕೆಯಲ್ಲಿ ಓದುಗರೂ ಮತ ಹಾಕಲಿ ಎಂದು ಸೂಚಿಸಿದರು. 38 ವರ್ಷದ ಬೇಬ್ ರೂತ್ ಅಂದು ಮೂರನೇ ಇನಿಂಗ್ಸ್‌ನಲ್ಲಿ ಹೊಡೆದದ್ದೇ ಆಲ್-ಸ್ಟಾರ್ ಇತಿಹಾಸದ ಮೊದಲ ಹೋಮ್ ರನ್, ಅಂದರೆ ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ. ಅಮೆರಿಕನ್ ಲೀಗ್ 4-2ರಿಂದ ಗೆದ್ದಿತು. ಒಂದೇ ಒಂದು ಬಾರಿಗೆಂದು ಯೋಚಿಸಿದ್ದ ಪಂದ್ಯ ವರ್ಷ ವರ್ಷದ ಹಬ್ಬವಾಯಿತು.

ಆದರೆ ಅದೇ ವರ್ಷದ ಸೆಪ್ಟೆಂಬರ್ 10ರಂದು ಅದೇ ಮೈದಾನದಲ್ಲಿ ಇನ್ನೊಂದು ಆಲ್-ಸ್ಟಾರ್ ಪಂದ್ಯ ನಡೆಯಿತು. ಅದು ಕಪ್ಪು ವರ್ಣೀಯರ ನೀಗ್ರೋ ಲೀಗ್‌ಗಳ ಪೂರ್ವ-ಪಶ್ಚಿಮ ಪಂದ್ಯ. ಎರಡೇ ತಿಂಗಳ ಅಂತರದಲ್ಲಿ ಒಂದೇ ಹೋಮ್ ಪ್ಲೇಟಿನ ಮೇಲೆ ಎರಡು ದೇಶಗಳು ಆಡಿದಂತೆ ಅವರು ಬೇರೆ ಬೇರೆಯಾಗಿ ಆಡಿದರು. ಜಾಕಿ ರಾಬಿನ್‌ಸನ್, ರಾಯ್ ಕ್ಯಾಂಪನೆಲ್ಲ, ಡಾನ್ ನ್ಯೂಕೂಂಬ್ ಮತ್ತು ಲ್ಯಾರಿ ಡೋಬಿ ಎಂಬ ಕಪ್ಪು ಆಟಗಾರರು ಮೊದಲ ಬಾರಿಗೆ ಮೇಜರ್ ಲೀಗಿನ ಆಲ್-ಸ್ಟಾರ್ ಪಂದ್ಯದಲ್ಲಿ ಆಡಿದ್ದು 1949ರಲ್ಲಿ. ಮೊಮ್ಮಗನ ಪಟ್ಟಿಯ ಮೊದಲ ಎರಡು ಹೆಸರುಗಳೂ ಕಪ್ಪು ವರ್ಣೀಯರವು, ಅವರು ಹದಿನೈದು ವರ್ಷ ಮುಂಚೆ ಹುಟ್ಟಿದ್ದರೆ ಆ ಪಟ್ಟಿಯಲ್ಲಿ ಹೀಗೆ ಮೇಲೆ ನಿಲ್ಲುತ್ತಿರಲಿಲ್ಲ. ಇದನ್ನು ಅವನಿಗೆ ಹೇಳಿದಾಗ ಅವನು ಆ ಕಲ್ಲಿನ ಮೇಲಿಂದ ಕಾಲು ತೆಗೆದ.

ಜುಲೈ 11, ಶುಕ್ರವಾರ: ಮಿಲ್ವಾಕಿ

ಮಿಶಿಗನ್ ಸರೋವರದ ದಡ ಹಿಡಿದು ಉತ್ತರಕ್ಕೆ ಒಂದೂವರೆ ಗಂಟೆ ಹೋದರೆ ಮಿಲ್ವಾಕಿ ಸಿಗುತ್ತದೆ. ಆರನ್ ಅವರು 1954ರಲ್ಲಿ ಇಪ್ಪತ್ತರ ಹುಡುಗನಾಗಿ ಮಿಲ್ವಾಕಿ ಬ್ರೇವ್ಸ್ ತಂಡಕ್ಕೆ ಬಂದರು. ಹುಟ್ಟಿದ್ದು ಅಲಬಾಮಾದ ಮೊಬೀಲ್‌ನಲ್ಲಿ, 1934ರ ಫೆಬ್ರುವರಿ 5ರಂದು. ಬಾಲ್ಯದಲ್ಲಿ ಯಾರೂ ಕಲಿಸದೆ ತಾವೇ ಬ್ಯಾಟು ಹಿಡಿದದ್ದರಿಂದ ಅವರ ಕೈಗಳು ಅದಲು ಬದಲಾಗಿದ್ದವು. ಬಲಗೈ ಬ್ಯಾಟರ್ ಆಗಿದ್ದೂ ಎಡಗೈಯನ್ನೇ ಮೇಲಿಟ್ಟು ಹಿಡಿಯುತ್ತಿದ್ದರು. 1952ರಲ್ಲಿ ನೀಗ್ರೋ ಲೀಗಿನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ ಆಡಿ, ಅಲ್ಲಿಂದ ಬ್ರೇವ್ಸ್ ಸಂಸ್ಥೆಗೆ ಸೇರಿದರು.

ಅವರು ಆಡಿದ ಕೌಂಟಿ ಸ್ಟೇಡಿಯಂ ಕೂಡ ಈಗಿಲ್ಲ. 2001ರಲ್ಲಿ ಪಕ್ಕದಲ್ಲಿ ಹೊಸ ಕ್ರೀಡಾಂಗಣ ತೆರೆದ ಮೇಲೆ, ಹಳೆಯದು ಇದ್ದ ನೆಲದಲ್ಲಿ ಮಕ್ಕಳಿಗಾಗಿ ಹೆಲ್ಫೇರ್ ಫೀಲ್ಡ್ ಎಂಬ ಪುಟ್ಟ ಮೈದಾನ ಮಾಡಿದ್ದಾರೆ. ಕೆಡವಿದ ಜಾಗದಲ್ಲಿ ಮಕ್ಕಳನ್ನು ಆಡಲು ಬಿಟ್ಟದ್ದು ನನಗೆ ಬಹಳ ಹಿಡಿಸಿತು. ಹೊಸ ಕ್ರೀಡಾಂಗಣದ ಮುಂದೆ ಆರನ್ ಅವರ ಪ್ರತಿಮೆಯಿದೆ. ಸರೋವರದ ಕಡೆಯಿಂದ ಮೆನಾಮನಿ ನದಿಯ ಪಕ್ಕಕ್ಕೆ ಸಾಗಿ ಬರುವ ಕಾಲುದಾರಿಗೂ ಅವರ ಹೆಸರಿದೆ. ನನ್ನ ಪತ್ನಿ ಮತ್ತು ನಾನು ಅದರಲ್ಲಿ ಅರ್ಧ ಗಂಟೆ ನಡೆದೆವು.

ಈ ಊರು ಅವರ ಆಲ್-ಸ್ಟಾರ್ ಕಥೆಯ ಎರಡು ತುದಿಗಳನ್ನೂ ಹಿಡಿದಿದೆ. ಅವರ ಮೊದಲ ಆಲ್-ಸ್ಟಾರ್ ಪಂದ್ಯ 1955ರ ಜುಲೈ 12ರಂದು ಇದೇ ನೆಲದಲ್ಲಿ ನಡೆಯಿತು. ಪಂದ್ಯವನ್ನು ಹುಟ್ಟುಹಾಕಿದ ಆರ್ಚ್ ವಾರ್ಡ್ ಮೂರು ದಿನ ಹಿಂದೆ ತೀರಿಕೊಂಡಿದ್ದರು. ಶಿಕಾಗೋದಲ್ಲಿ ಅಂದೇ ಅವರ ಅಂತ್ಯಕ್ರಿಯೆ ಇದ್ದುದರಿಂದ ಆಟವನ್ನು ಅರ್ಧ ಗಂಟೆ ತಡವಾಗಿ ಆರಂಭಿಸಿದರು. ನ್ಯಾಷನಲ್ ಲೀಗ್ 0-5ರಿಂದ ಹಿಂದೆ ಬಿದ್ದು, ಮೆಲ್ಲಗೆ ಸಮ ಮಾಡಿಕೊಂಡು, 12ನೇ ಇನಿಂಗ್ಸ್‌ನಲ್ಲಿ ಸ್ಟಾನ್ ಮ್ಯೂಸಿಯಲ್ ಮೊದಲ ಎಸೆತವನ್ನೇ ಬೇಲಿಯಾಚೆ ಕಳಿಸಿದಾಗ 6-5ರಿಂದ ಗೆದ್ದಿತು. ಅಂದು 21 ವರ್ಷದ ಆರನ್, ಮೇಸ್ ಮತ್ತು ಮ್ಯೂಸಿಯಲ್ ಒಂದೇ ತಂಡದಲ್ಲಿದ್ದರು. ಪಟ್ಟಿಯ ಮೂರು ಸಾಲುಗಳೂ ಒಂದೇ ಸಂಜೆ ಒಂದೇ ಬೆಂಚಿನ ಮೇಲೆ ಕುಳಿತಿದ್ದವು.

ಅವರ ಕೊನೆಯ ಆಲ್-ಸ್ಟಾರ್ ಪಂದ್ಯವೂ ಇದೇ ನೆಲದಲ್ಲಿ ನಡೆಯಿತು. ಬ್ರೇವ್ಸ್ ತಂಡ 1966ರಲ್ಲಿ ಅಟ್ಲಾಂಟಕ್ಕೆ ಹೋದಾಗ ಜೊತೆಯಲ್ಲಿ ಹೋಗಿದ್ದ ಆರನ್, ವೃತ್ತಿಯ ಕೊನೆಗೆ ಮಿಲ್ವಾಕಿಯ ಬ್ರೂವರ್ಸ್ ತಂಡಕ್ಕೆ ಮರಳಿದರು. ಅದೇ 1975ರಲ್ಲಿ ಇಲ್ಲಿ ಆಲ್-ಸ್ಟಾರ್ ಪಂದ್ಯವಿತ್ತು. ಬೆಳೆದ ಮನೆಯಂಗಳಕ್ಕೆ ಮರಳಿ ಬಂದು ವಿದಾಯ ಹೇಳುವ ಭಾಗ್ಯ ಎಷ್ಟು ಜನ ಆಟಗಾರರಿಗೆ ಸಿಕ್ಕೀತು! ಮೊಮ್ಮಗ ಫೋನಿನಲ್ಲಿ ತಾರೀಖು ಹುಡುಕಿ ಕೂಗಿಕೊಂಡ: 1975ರ ಜುಲೈ 15. ನಾವು ನೋಡಲು ಹೊರಟಿದ್ದ ಪಂದ್ಯದ ದಿನಕ್ಕೆ ಸರಿಯಾಗಿ 50 ವರ್ಷ.

ಪಾರ್ಕಿಂಗ್ ಜಾಗದಲ್ಲಿ ನೆಲಕ್ಕೆ ಕೂರಿಸಿದ ಇನ್ನೊಂದು ಫಲಕವನ್ನೂ ಹುಡುಕಿ ನೋಡಿದೆವು. 1976ರ ಜುಲೈ 20ರಂದು ಆರನ್ ಹೊಡೆದ 755ನೇ ಹೋಮ್ ರನ್, ಅಂದರೆ ಕಟ್ಟಕಡೆಯದು, ಬಿದ್ದ ಜಾಗವದು. ಸುತ್ತ ಬಿಳಿ ಗೆರೆಗಳ ಖಾಲಿ ಡಾಂಬರು ಹಾಸಿತ್ತು.

ಜುಲೈ 12, ಶನಿವಾರ: ಸೇಂಟ್ ಲೂಯಿಸ್

ಬೆಳಿಗ್ಗೆ ಆರಕ್ಕೆ ಹೊರಟು, ಇಲಿನಾಯ್ ರಾಜ್ಯದ ಮುಗಿಯದ ಜೋಳದ ಹೊಲಗಳ ನಡುವೆ ಸುಮಾರು 600 ಕಿಲೋಮೀಟರ್ ಬಂದು, ಮಧ್ಯಾಹ್ನ ಮಿಸಿಸಿಪ್ಪಿ ನದಿಯನ್ನು ದಾಟಿದೆವು. ಬುಷ್ ಸ್ಟೇಡಿಯಂ ಮುಂದೆ, ಬಿಸಿಲಿಗೆ ಕಾದು ಮುಟ್ಟಲಾಗದಂತಾಗಿದ್ದ ಕಲ್ಲಿನ ಪೀಠದ ಮೇಲೆ ಸ್ಟಾನ್ ಮ್ಯೂಸಿಯಲ್ ಅವರ ಕಂಚಿನ ಪ್ರತಿಮೆ ನಿಂತಿದೆ. ಪೀಠದ ಮೇಲೆ, ಆಟದ ಪರಿಪೂರ್ಣ ಯೋಧ ಇಲ್ಲಿ ನಿಂತಿದ್ದಾನೆ ಎಂಬರ್ಥದ ಮಾತನ್ನು ಕೆತ್ತಿದ್ದಾರೆ.

ಮ್ಯೂಸಿಯಲ್ ಅವರು ಪೆನ್ಸಿಲ್ವೇನಿಯದ ಡೊನೋರ ಎಂಬ ಗಿರಣಿ ಊರಿನಲ್ಲಿ ಪೋಲೆಂಡಿನಿಂದ ವಲಸೆ ಬಂದ ಕಾರ್ಮಿಕನ ಮಗನಾಗಿ ಹುಟ್ಟಿದರು. ಪಿಚರ್ ಆಗಿದ್ದವರು 1940ರಲ್ಲಿ ಎಡಭುಜಕ್ಕೆ ಪೆಟ್ಟು ಮಾಡಿಕೊಂಡು ಬ್ಯಾಟಿನ ಕಡೆ ತಿರುಗಿದರು. 1941ರಿಂದ 1963ರವರೆಗೆ ಈ ಊರಿನ ಕಾರ್ಡಿನಲ್ಸ್ ಒಂದೇ ತಂಡಕ್ಕೆ ಆಡಿ 3630 ಹಿಟ್ (ಬ್ಯಾಟರನ್ನು ಬೇಸ್ ತಲುಪಿಸುವ ಹೊಡೆತ) ಗಳಿಸಿದರು. ತವರಿನಲ್ಲಿ 1815, ಹೊರಗಿನ ಊರುಗಳಲ್ಲಿಯೂ 1815. ಇದನ್ನು ಓದಿದಾಗ ನನ್ನ ಪತ್ನಿ “ತೂಕ ಮಾಡಿ ಹಂಚಿದ ಹಾಗಿದೆಯಲ್ಲ” ಎಂದಳು. ನೌಕಾಪಡೆಯಲ್ಲಿದ್ದ 1945ನ್ನು ಬಿಟ್ಟರೆ 1943ರಿಂದ 1963ರವರೆಗೆ ಅವರ ಆಯ್ಕೆ ತಪ್ಪಲಿಲ್ಲ. ಆ 1945ರಲ್ಲಂತೂ ಯುದ್ಧದ ಕಾರಣ ಆಲ್-ಸ್ಟಾರ್ ಪಂದ್ಯವೇ ನಡೆಯಲಿಲ್ಲ. ಆಲ್-ಸ್ಟಾರ್ ಪಂದ್ಯಗಳಲ್ಲಿ ಅವರು ಹೊಡೆದ 6 ಹೋಮ್ ರನ್‌ಗಳ ದಾಖಲೆ ಇನ್ನೂ ಉಳಿದಿದೆ.

ಈ ಊರಿಗೆ ಬಂದ ಮೇಲೆ 1957ರ ಕಥೆಯನ್ನು ಹೇಳದಿರಲು ಆಗದು. ಆ ವರ್ಷದ ಆಲ್-ಸ್ಟಾರ್ ಪಂದ್ಯ ಸೇಂಟ್ ಲೂಯಿಸ್‌ನಲ್ಲಿಯೇ ಇತ್ತು, ಆಟಗಾರರ ಆಯ್ಕೆ ಅಭಿಮಾನಿಗಳ ಮತದಿಂದ ಆಗುತ್ತಿತ್ತು. ಸಿನ್ಸಿನಾಟಿ ನಗರದ ಜನ ತಮ್ಮ ತಂಡದ ಮೇಲಿನ ಪ್ರೀತಿಯಿಂದ ಮತಪತ್ರಗಳ ರಾಶಿಯನ್ನೇ ಸುರಿದರು. ಅಲ್ಲಿನ ಪತ್ರಿಕೆಯೊಂದು ಹೆಸರುಗಳನ್ನು ಮೊದಲೇ ತುಂಬಿದ ಮತಪತ್ರವನ್ನು ಮುದ್ರಿಸಿ ಹಂಚಿತು. ಎಣಿಕೆ ಮುಗಿದಾಗ ಬಂದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ನಗರದವು. ಎಂಟು ಸ್ಥಾನಗಳಲ್ಲಿ ಏಳಕ್ಕೆ ಸಿನ್ಸಿನಾಟಿಯವರೇ ಗೆದ್ದಿದ್ದರು. ಆ ಪ್ರವಾಹದಲ್ಲಿ ಕೊಚ್ಚಿಹೋಗದೆ ನಿಂತ ಏಕೈಕ ಹೊರಗಿನ ಆಟಗಾರ ಸ್ಟಾನ್ ಮ್ಯೂಸಿಯಲ್. ಬೇಸ್‌ಬಾಲಿನ ಮುಖ್ಯಸ್ಥರಾದ ಕಮಿಷನರ್ ಫೋರ್ಡ್ ಫ್ರಿಕ್ ಮಧ್ಯೆ ಪ್ರವೇಶಿಸಿ, ಗೆದ್ದವರ ಪೈಕಿ ಗಸ್ ಬೆಲ್ ಮತ್ತು ವಾಲಿ ಪೋಸ್ಟ್ ಅವರನ್ನು ಆರಂಭಿಕರ ಸ್ಥಾನದಿಂದ ತೆಗೆದು, ಅಲ್ಲಿಗೆ ವಿಲ್ಲಿ ಮೇಸ್ ಮತ್ತು ಹ್ಯಾಂಕ್ ಆರನ್ ಅವರನ್ನು ಹಾಕಿದರು. ಅಭಿಮಾನಿಗಳ ಮತದ ಹಕ್ಕು ಆಮೇಲೆ 1970ರವರೆಗೆ ಮರಳಲಿಲ್ಲ.

ನಾನು ವೃತ್ತಿಯಲ್ಲಿ ಕಂತೆ ಕಂತೆ ಕಾಗದಗಳನ್ನು ವಿಂಗಡಿಸಿದವನಾದ್ದರಿಂದ ಆ ಮತಪತ್ರಗಳ ರಾಶಿ ನನ್ನ ಕಣ್ಣಿಗೆ ಕಟ್ಟಿತು. ನನಗೆ ಸಿನ್ಸಿನಾಟಿಯ ಜನರ ಮೇಲೆ ಸಿಟ್ಟು ಬರಲಿಲ್ಲ, ತಮ್ಮೂರ ಹುಡುಗರಿಗೆ ಮತ ಹಾಕುವುದು ಸಹಜ. ಆದರೆ ಒಂದು ಊರಿನ ಪ್ರೀತಿಗೂ ಇಡೀ ದೇಶದ ಒಪ್ಪಿಗೆಗೂ ಇರುವ ಅಂತರ ಆ ವರ್ಷದಷ್ಟು ಸ್ಪಷ್ಟವಾಗಿ ಇನ್ನೆಂದೂ ಕಾಣಿಸಿರಲಾರದು. ಮತದಿಂದ, ಮ್ಯಾನೇಜರುಗಳ ಆಯ್ಕೆಯಿಂದ, ಸಹ ಆಟಗಾರರ ಮತದಿಂದ, ಕೊನೆಗೆ ಕಮಿಷನರ್ ಅವರ ಆದೇಶದಿಂದ, ಹೀಗೆ ಆಯ್ಕೆಯ ವಿಧಾನ ಬದಲಾಗುತ್ತಲೇ ಹೋದರೂ ಈ ಮೂವರ ಹೆಸರು ಪ್ರತಿ ವರ್ಷ ಹೇಗೋ ಬಂದು ನಿಲ್ಲುತ್ತಿತ್ತು.

ಮ್ಯೂಸಿಯಲ್ ಅವರ ಬಗ್ಗೆ ಮೇಸ್ ಹೇಳುತ್ತಿದ್ದ ಒಂದು ಪ್ರಸಂಗವಿದೆ. ಒಂದು ಆಲ್-ಸ್ಟಾರ್ ಪಂದ್ಯದ ವೇಳೆ ಕಪ್ಪು ಆಟಗಾರರೆಲ್ಲ ಕೊಠಡಿಯ ಒಂದು ಮೂಲೆಯಲ್ಲಿ ತಮ್ಮಷ್ಟಕ್ಕೆ ಇಸ್ಪೀಟು ಆಡುತ್ತಿದ್ದರಂತೆ. ಮ್ಯೂಸಿಯಲ್ ಬಂದು, ಏನೂ ಹೇಳದೆ, ಒಂದು ಕುರ್ಚಿ ಎಳೆದುಕೊಂಡು ಅವರ ಜೊತೆ ಆಟಕ್ಕೆ ಕೂತರಂತೆ. ಇದನ್ನು ಕೇಳಿದ ಮೇಲೆ ನನಗೆ ಆ ಪ್ರತಿಮೆಗಿಂತ ಆ ಕುರ್ಚಿಯೇ ಹೆಚ್ಚು ನೆನಪಾಗುತ್ತಿದೆ.

ಜುಲೈ 13, ಭಾನುವಾರ: ದಾರಿಯಲ್ಲಿ

ಸೇಂಟ್ ಲೂಯಿಸ್‌ನಿಂದ ಬರ್ಮಿಂಗ್‌ಹ್ಯಾಮ್‌ಗೆ ಸುಮಾರು 800 ಕಿಲೋಮೀಟರ್. ಟೆನ್ನೆಸ್ಸಿ ಹತ್ತಿರ ಬಾಡಿಗೆ ಕಾರಿನ ಎ.ಸಿ. ಕೈಕೊಟ್ಟಿತು, ಕಿಟಕಿ ಇಳಿಸಿಕೊಂಡೇ ಸಾಗಿದೆವು. ಬೇಸರ ಕಳೆಯಲು ನನ್ನ ಪತ್ನಿ ಮೊಮ್ಮಗನ ಚೆಂಡನ್ನು ಕೈಗೆತ್ತಿಕೊಂಡು, ಅದರ ಮೇಲಿನ ಕೆಂಪು ಹೊಲಿಗೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸರಿಸುತ್ತಾ ಎಣಿಸಿದಳು. ಮೇಜರ್ ಲೀಗಿನ ಚೆಂಡಿಗೆ 108 ಜೋಡಿ ಹೊಲಿಗೆಗಳು, ಅವನ್ನು ಕೈಯಿಂದಲೇ ಹೊಲಿಯುತ್ತಾರೆ ಎಂದು ಮೊಮ್ಮಗ ಮೊದಲೇ ಹೇಳಿದ್ದ. ಎರಡು ಸಲ ಎಣಿಕೆ ತಪ್ಪಿತು, ಮೂರನೆಯ ಸಲ ಸರಿಯಾಗಿ 108 ಬಂದಾಗ ಜಪಸರವನ್ನು ಕೆಳಗಿಡುವ ಹಾಗೆ ಚೆಂಡನ್ನು ಮಡಿಲಲ್ಲಿಟ್ಟುಕೊಂಡಳು.

ಮೊಮ್ಮಗನಿಗೆ ಮಾತ್ರ ಅಂದು ಒಂದು ಚಿಂತೆ ಹತ್ತಿತ್ತು. ಆಲ್-ಸ್ಟಾರ್ ಪಂದ್ಯಗಳಲ್ಲಿ ಮ್ಯೂಸಿಯಲ್ 63 ಅವಕಾಶಗಳಲ್ಲಿ 20 ಹಿಟ್, ಮೇಸ್ 75ರಲ್ಲಿ 23 ಹಿಟ್ ಗಳಿಸಿದ್ದರು. ಆರನ್ ಅವರದು 67ರಲ್ಲಿ ಬರೀ 13, ಸರಾಸರಿ 0.194, ಅವರ ಮೊದಲ ಆಲ್-ಸ್ಟಾರ್ ಹೋಮ್ ರನ್ ಬರಲು 1971ರವರೆಗೆ ಕಾಯಬೇಕಾಯಿತು. “ಅತಿ ಹೆಚ್ಚು ಸಲ ಆಯ್ಕೆಯಾದವರು ಅಲ್ಲಿ ಚೆನ್ನಾಗಿ ಆಡಲೇ ಇಲ್ವಲ್ಲ, ಅಜ್ಜ” ಎಂದು ಬಹಳ ನೊಂದುಕೊಂಡು ಕೇಳಿದ.

ನಾನು ಯೋಚಿಸಿ ಉತ್ತರ ಕೊಟ್ಟೆ. ಆಲ್-ಸ್ಟಾರ್ ಪಂದ್ಯವೆಂದರೆ ವರ್ಷದಲ್ಲಿ ಒಂದು ಸಂಜೆ. ಅಲ್ಲಿಗೆ ಕರೆ ಬರುವುದು ಉಳಿದೆಲ್ಲ ದಿನಗಳ ದುಡಿಮೆಗೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕ ಪ್ರತಿದಿನ ನಡೆಯುವ ಆಟವಿದು. ಅದರಲ್ಲಿ 23 ವರ್ಷ ದಣಿಯದೆ ಆಡಿ, 3771 ಹಿಟ್ ಗಳಿಸಿ, ಅವುಗಳಿಂದ ಹೋಮ್ ರನ್‌ಗಳ 755ನ್ನು ಕಳೆದರೂ ಇನ್ನೂ 3016 ಉಳಿಯುವಂತೆ ಮಾಡಿದವರು ಆರನ್. ಒಂದು ವರ್ಷವೂ 50 ಹೋಮ್ ರನ್ ಹೊಡೆಯದ ಮನುಷ್ಯ ವರ್ಷಕ್ಕೆ ಮೂವತ್ತು, ನಲವತ್ತರಂತೆ ಕೂಡಿಸಿಕೊಂಡೇ ಬೇಬ್ ರೂತ್ ಅವರ 714ನ್ನು ದಾಟಿದರು. 25 ಎಂಬ ಸಂಖ್ಯೆ ಅಳೆಯುವುದು ಅದನ್ನೇ. ಮೊಮ್ಮಗ ಮಾತನಾಡಲಿಲ್ಲ, ಆದರೆ ನೋಟ್‌ಬುಕ್ ತೆಗೆದು 3016 ಎಂದು ಬರೆದುಕೊಂಡ.

ಜುಲೈ 14, ಸೋಮವಾರ: ಬರ್ಮಿಂಗ್‌ಹ್ಯಾಮ್, ಅಟ್ಲಾಂಟ

1910ರಲ್ಲಿ ತೆರೆದ ರಿಕ್‌ವುಡ್ ಫೀಲ್ಡ್ ಅಮೆರಿಕದಲ್ಲಿ ಉಳಿದಿರುವ ಅತ್ಯಂತ ಹಳೆಯ ವೃತ್ತಿಪರ ಬೇಸ್‌ಬಾಲ್ ಮೈದಾನ. ಬಿಳಿಯರ ಬ್ಯಾರನ್ಸ್ ತಂಡ ಹೊರ ಊರಿಗೆ ಹೋದಾಗ ಕಪ್ಪು ವರ್ಣೀಯರ ಬ್ಲ್ಯಾಕ್ ಬ್ಯಾರನ್ಸ್ ಇಲ್ಲಿ ಆಡುತ್ತಿದ್ದರು. 1948ರಲ್ಲಿ ಆ ತಂಡ ಸೇರಿದ ವಿಲ್ಲಿ ಮೇಸ್‌ಗೆ ಆಗ 17 ವರ್ಷ, ಇನ್ನೂ ಹೈಸ್ಕೂಲು ಮುಗಿದಿರಲಿಲ್ಲ. ನಾವು ಮರದ ನೆರಳಿನಂತೆ ತಂಪಾಗಿದ್ದ ಗ್ಯಾಲರಿಯಲ್ಲಿ ಕುಳಿತಾಗ ಮೊಮ್ಮಗ ಮಧ್ಯ ಮೈದಾನದ ಆಳವನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದ. ಚೆಂಡಿಗೆ ಬೆನ್ನು ಮಾಡಿ ಓಡಿ ಹಿಡಿಯುವ ವಿದ್ಯೆಯನ್ನು ಮೇಸ್ ರೂಢಿಸಿಕೊಂಡದ್ದು ಇಂಥ ವಿಶಾಲ ಹುಲ್ಲಿನ ಮೇಲೆ. 2024ರ ಜೂನ್ 20ರಂದು ನೀಗ್ರೋ ಲೀಗ್‌ಗಳ ಗೌರವಾರ್ಥ ಇಲ್ಲಿ ಜೈಂಟ್ಸ್ ಮತ್ತು ಕಾರ್ಡಿನಲ್ಸ್ ತಂಡಗಳು ಆಡಿದವು. ಎರಡು ದಿನ ಮುಂಚೆಯಷ್ಟೇ ಮೇಸ್ 93ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಮಧ್ಯಾಹ್ನ ಹೊರಟು, ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡು ಸಂಜೆ ಅಟ್ಲಾಂಟ ಸೇರಿದೆವು. ಸೊಸೆಯ ಅಣ್ಣನ ಮನೆಯಲ್ಲಿ ಬಿಸಿಬಿಸಿ ಸಾರು, ಹಪ್ಪಳ. ರಾತ್ರಿ ಟಿ.ವಿ.ಯಲ್ಲಿ ಹೋಮ್ ರನ್ ಸ್ಪರ್ಧೆ. ಸಿಯಾಟಲ್‌ನ ಕ್ಯಾಚರ್ ಕ್ಯಾಲ್ ರಾಲೆ ಗೆದ್ದರು. ಅವರಿಗೆ ಚೆಂಡು ಎಸೆದದ್ದು ತಂದೆ, ಹಿಂದೆ ನಿಂತು ಹಿಡಿದದ್ದು ತಮ್ಮ.

ಜುಲೈ 15, ಮಂಗಳವಾರ: ಅಟ್ಲಾಂಟ

ಬೆಳಿಗ್ಗೆ ಸೌತ್-ವ್ಯೂ ಸ್ಮಶಾನಕ್ಕೆ ಹೋದೆವು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ತಮ್ಮವರನ್ನು ಗೌರವದಿಂದ ಮಣ್ಣು ಮಾಡಲೆಂದು 1886ರಲ್ಲಿ ಕಟ್ಟಿಕೊಂಡ ಸ್ಥಳವಿದು. 2021ರ ಜನವರಿ 22ರಂದು ತೀರಿಕೊಂಡ ಹ್ಯಾಂಕ್ ಆರನ್ ಇಲ್ಲಿದ್ದಾರೆ. ನಾನು ಕೈಮುಗಿದು ನಿಂತಾಗ ನನ್ನ ಮನಸ್ಸಿನಲ್ಲಿದ್ದದ್ದು ಪತ್ರಗಳು. 1973ರಲ್ಲಿ, ರೂತ್ ಅವರ ದಾಖಲೆಯ ಹತ್ತಿರ ಬಂದಾಗ, ಆರನ್ ಅವರಿಗೆ ಒಂದೇ ವರ್ಷದಲ್ಲಿ 9 ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದವು. ಅವುಗಳಲ್ಲಿ ಪ್ರೀತಿಯವೂ ಇದ್ದವು. ಬಣ್ಣದ ಕಾರಣಕ್ಕೆ ಬೈದು, ಕೊಲ್ಲುವುದಾಗಿ ಬೆದರಿಸಿ ಬರೆದವೂ ಎಷ್ಟೋ. ಅವರ ರಕ್ಷಣೆಗೆ ಪೊಲೀಸ್ ಅಧಿಕಾರಿಯೊಬ್ಬರನ್ನು ನೇಮಿಸಬೇಕಾಯಿತು. ಅಂಚೆಯವನಿಗೆ 9 ಲಕ್ಷ ಪತ್ರವೆಂದರೆ ಬರೀ ಸಂಖ್ಯೆಯಲ್ಲ, ಅದು ಚೀಲಗಳ ಭಾರ. ಒಡೆಯದೆ ಹೊರಗಿನಿಂದ ನೋಡಿದರೆ ಹರಸುವ ಕಾಗದಕ್ಕೂ ಶಪಿಸುವ ಕಾಗದಕ್ಕೂ ವ್ಯತ್ಯಾಸವೇ ಕಾಣದು. ಆ ದ್ವೇಷದ ಪತ್ರಗಳನ್ನು ಅವರು ಎಸೆಯದೆ ಕಾಪಿಟ್ಟುಕೊಂಡಿದ್ದರು. ಅದೇ ವರ್ಷವೂ, ಮರುವರ್ಷವೂ ಆಲ್-ಸ್ಟಾರ್ ತಂಡದಲ್ಲಿ ಅವರ ಹೆಸರಿತ್ತು.

ರಾತ್ರಿ ಎಲ್ಲರೂ ಟಿ.ವಿ. ಮುಂದೆ ಕೂತೆವು. ಲಾಸ್ ಏಂಜಲೀಸ್‌ನ ಪಿಚರ್ ಕ್ಲೇಟನ್ ಕರ್ಶಾ ತಮ್ಮ 11ನೇ ಆಯ್ಕೆಯಲ್ಲಿ ಬಂದು ಇಬ್ಬರನ್ನು ಔಟ್ ಮಾಡಿ ಹೊರನಡೆದರು. ಆರನೇ ಇನಿಂಗ್ಸ್ ಮುಗಿದ ಮೇಲೆ ಮೈದಾನದ ದೀಪಗಳನ್ನು ಆರಿಸಿ, 1974ರ ಏಪ್ರಿಲ್ 8ರ ರಾತ್ರಿಯನ್ನು ಬೆಳಕಿನಲ್ಲಿ ಮರಳಿ ತೋರಿಸಿದರು. ಆರನ್ ಅವರ 715ನೇ ಹೋಮ್ ರನ್ ಹಾರಿದ ಹಾದಿಯಲ್ಲಿ ಬೆಂಕಿಯ ಗೆರೆಯೊಂದು ಹೋಮ್ ಪ್ಲೇಟಿನಿಂದ ಎದ್ದು ಎಡಬದಿಯ ಬೇಲಿಯಾಚೆ ಹೋಯಿತು. ಮನೆಯಲ್ಲಿ ಯಾರೂ ಮಾತನಾಡಲಿಲ್ಲ.

0-6ರಿಂದ ಹಿಂದಿದ್ದ ಅಮೆರಿಕನ್ ಲೀಗ್ ಒಂಬತ್ತನೇ ಇನಿಂಗ್ಸ್‌ನಲ್ಲಿ ಸಮ ಮಾಡಿತು. 2002ರಲ್ಲಿ ಮಿಲ್ವಾಕಿಯ ಪಂದ್ಯ ಪಿಚರ್‌ಗಳು ಮುಗಿದುಹೋಗಿ 7-7ರ ಸಮದಲ್ಲಿ ನಿಂತಿತ್ತು. ಈಗಿನ ನಿಯಮದಂತೆ ಹೆಚ್ಚುವರಿ ಇನಿಂಗ್ಸ್ ಇಲ್ಲ. ಪ್ರತಿ ತಂಡದ ಮೂವರು ತಲಾ ಮೂರು ಬಾರಿ ಬ್ಯಾಟು ಬೀಸಬೇಕು, ಹೋಮ್ ರನ್ ಹೆಚ್ಚು ಹೊಡೆದವರು ಗೆದ್ದಂತೆ. ಆಲ್-ಸ್ಟಾರ್ ಇತಿಹಾಸದಲ್ಲಿ ಹೀಗಾದದ್ದು ಇದೇ ಮೊದಲು. ಕೈಲ್ ಶ್ವಾರ್ಬರ್ ಮೂರಕ್ಕೆ ಮೂರನ್ನೂ ಬೇಲಿಯಾಚೆ ಕಳಿಸಿದರು, ಮೂರನೆಯದನ್ನು ಹೊಡೆದಾಗ ಒಂದು ಮೊಣಕಾಲು ನೆಲಕ್ಕೆ ತಾಗಿತ್ತು. ನ್ಯಾಷನಲ್ ಲೀಗ್ 4-3ರಿಂದ ಗೆದ್ದಿತು.

ಮಲಗುವ ಮುನ್ನ ಮೊಮ್ಮಗ ಪಟ್ಟಿಯ ಕೆಳಗೆ ಇಂದಿನವರ ಸಾಲು ಸೇರಿಸಿದ: ಮೈಕ್ ಟ್ರೌಟ್ 11, ಕ್ಲೇಟನ್ ಕರ್ಶಾ 11. ಕರ್ಶಾ ಅವರಿಗೆ ಈಗ 37 ವರ್ಷ, ಇನ್ನೂ 14 ಬೇಕು ಎಂದು ಬೆರಳು ಮಡಿಸಿದ. “ಆಗ ಅವರಿಗೆ 51 ಆಗಿರುತ್ತೆ, ಅಜ್ಜ” ಎಂದು ಹೇಳಿ, ಆರನ್ ಹೆಸರಿನ ಮುಂದಿದ್ದ 25ನ್ನು ಮತ್ತೊಮ್ಮೆ ಪೆನ್ಸಿಲಿನಿಂದ ಒತ್ತಿ ಬರೆದ.